ಕನ್ನಡಿಗೆ ಹಚ್ಚಿದ ವಿಭೂತಿ

ಕ್ಷ-ಕಿರಣಕ್ಕೆ ಕನ್ನಡಿ ಮಾಡುವುದು ನನ್ನ ಕೆಲಸ. ಹಾಗೆಂದರೆ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಊಟದ ಮಾತು ತೆಗೆಯುತ್ತಾರೆ. ವಿವರಿಸಿ ವಿವರಿಸಿ ನನಗೂ ಸಾಕಾಗಿದೆ. ದೊಡ್ಡ ಉಂಗುರದಂಥ ಯಂತ್ರದಲ್ಲಿ ಎಲೆಕ್ಟ್ರಾನುಗಳು ಸುತ್ತುತ್ತವೆ, ತಿರುವಿನಲ್ಲಿ ಅವುಗಳಿಂದ ಕ್ಷ-ಕಿರಣ ಹೊರಡುತ್ತದೆ. ಆ ಕಿರಣ ನೇರವಾಗಿ ಬಿದ್ದರೆ ಯಾವ ಕನ್ನಡಿಯನ್ನೂ ಲೆಕ್ಕಿಸದೆ ಒಳಗೆ ನುಗ್ಗುತ್ತದೆ. ಮೈ ಸವರಿಕೊಂಡು ಬಂದರೆ ಮಾತ್ರ ಜಾರಿ, ನಮಗೆ ಬೇಕಾದ ಕಡೆ ಹೋಗುತ್ತದೆ. ಅದಕ್ಕೇ ಆ ಮೈ ನುಣುಪಾಗಿರಬೇಕು, ಕಣ್ಣಿಗೂ ಬೆರಳಿಗೂ ತಿಳಿಯದಷ್ಟು ನುಣುಪು.

ಬರಗಾಲ ಎರಡನೆಯ ವರ್ಷಕ್ಕೆ ಕಾಲಿಟ್ಟ ಬೇಸಿಗೆಯಲ್ಲಿ, ನಾವು ವರ್ಷಗಟ್ಟಲೆ ಉಜ್ಜಿದ ಮೊಳದುದ್ದದ ಸಿಲಿಕಾನ್ ಪಟ್ಟಿಯೊಂದು ಕೊನೆಗೂ ಅಳತೆಗೆ ಬಂತು. ಅದಕ್ಕೆ ಮೊದಲು ಮಾಡಿದವೆಲ್ಲ ಕೆಟ್ಟಿದ್ದವು. ಇದೂ ಕೆಟ್ಟರೆ ಹೊರದೇಶದಿಂದಲೇ ತರಿಸುತ್ತೇವೆ, ನಿಮ್ಮ ಪಾಲಿಶ್ ಕೋಣೆಗೆ ಬೀಗ ಹಾಕುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಹೈದರಾಬಾದಿನಲ್ಲಿ ಅದಕ್ಕೆ ಲೋಹದ ತೆಳು ಲೇಪ ಹಾಕಿಸಿದೆ. ಕೊರಿಯರಿನವರನ್ನು ನಂಬದೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಮರಳಲು ಸೋಲಾಪುರದ ಬಸ್ಸು ಹತ್ತಿದೆ. ಉಮರಗಾ ದಾರಿಯಲ್ಲೇ ಬರುತ್ತದೆ, ಅಲ್ಲಿ ನನ್ನ ತವರು. ಕೂತು ಕೂತು ಬೆನ್ನು ಸೋತುಹೋಗಿತ್ತು, ಒಂದು ರಾತ್ರಿ ಮಲಗಿ ಹೋಗೋಣವೆಂದು ಇಳಿದೆ.

ಮನೆಯಲ್ಲಿ ನೀರಿನದೇ ಮಾತು. ನಿಲಂಗಾದಿಂದ ಅಕ್ಕ ಫೋನ್ ಮಾಡಲಿ, ಉದಗೀರದಿಂದ ಸೋದರಮಾವ ಮಾಡಲಿ, ಮೊದಲ ಪ್ರಶ್ನೆ ಟ್ಯಾಂಕರ್ ಬಂತೇ ಎಂದು. ಆರೋಗ್ಯ ವಿಚಾರಿಸುವುದನ್ನೇ ಎಲ್ಲರೂ ಬಿಟ್ಟಿದ್ದರು. ಅವ್ವ ಲಿಂಗಪೂಜೆಯ ನೀರನ್ನೂ ಬೆರಳ ತುದಿಯಿಂದ ಹನಿಸುತ್ತಿದ್ದಳು. ನಾನು ಪೆಟ್ಟಿಗೆಯನ್ನು ದೇವರ ಜಗಲಿಯ ಮೇಲಿಟ್ಟೆ. ಆ ಮನೆಯಲ್ಲಿ ಯಾರ ಕಾಲೂ ತಾಗದ ಜಾಗ ಅದೊಂದೇ.

"ಇದರಾಗ ಏನದ?" ಅವ್ವ ಕೇಳಿದಳು.

"ಕನ್ನಡಿ."

"ಇಷ್ಟ ವರ್ಷ ಕೂತು ಬರೇ ಒಂದ ಕನ್ನಡಿ ಮಾಡಿದೇನ?"

"ಕೆರಿಯಾಗ ಹಂಚಿನ ಚೂರ ಒಗದರ ನೀರಿನ ಮ್ಯಾಲ ಜಿಗದು ಹೋಗ್ತದಲ್ಲ, ಹಂಗ ಇದರ ಮ್ಯಾಲ ಬೆಳಕು ಹೋಗ್ತದವ್ವಾ."

"ಕೆರಿಯಾಗ ನೀರಿದ್ದರ ಹೋಗ್ತದ," ಎಂದು ಎದ್ದುಹೋದಳು.

ಮರುದಿನ ಬೆಳಗ್ಗೆ ಬಸ್ಸಿನ ವೇಳೆ ಕೇಳಿಕೊಂಡು ಬರುವಷ್ಟರಲ್ಲಿ ಪೆಟ್ಟಿಗೆ ತೆರೆದಿತ್ತು. ಒಳಗಿನ ಪ್ಲಾಸ್ಟಿಕ್ ಕತ್ತರಿಸಲಾಗಿತ್ತು. ಅವ್ವ ಕನ್ನಡಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದಳು. ಅದರ ಮೇಲ್ತುದಿಯಲ್ಲಿ ಮೂರು ಬೆರಳಿನ ವಿಭೂತಿ, ಇನ್ನೂ ಹಸಿ.

ನಮ್ಮದು ಬಟ್ಟೆ ಅಂಗಡಿಯ ಮನೆತನ. ಹೊಸ ಗಂಟು ಬಂದರೆ ಹೊರಗಿನ ಗೋಣಿಗೆ ವಿಭೂತಿ ಹಚ್ಚುವುದಿಲ್ಲ. ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯ ಮೊದಲ ಮಡಿಕೆಗೇ ಹಚ್ಚಬೇಕು. ಹಚ್ಚದ ಮಾಲು ಹೊಸ್ತಿಲು ದಾಟುವಂತಿಲ್ಲ. ಮಗಳ ಮಾಲಿಗೂ ಅವ್ವ ಅದೇ ಮರ್ಯಾದೆ ಮಾಡಿದ್ದಳು.

ಕೂಗಾಡಲಿಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಅಲ್ಲೇ ನೆಲಕ್ಕೆ ಕೂತೆ. "ಇದರ ಮ್ಯಾಲ ಉಸಿರು ಸೈತ ಬೀಳಬಾರದಿತ್ತವ್ವಾ. ಇದು ಕೆಟ್ಟರ ನನ್ನ ಕೆಲಸಾನೇ ಮುಗೀತು."

ಅವಳ ಮುಖ ಸಣ್ಣದಾಯಿತು. ಒರೆಸಲು ಸೆರಗು ಎತ್ತಿದಳು. ನಾನು ಕೈ ಹಿಡಿದೆ. "ಒರಸಬ್ಯಾಡ, ಗೀರು ಬೀಳ್ತಾವ. ನೀರ ಬಿಟ್ಟು ತೇಲಿಸಿ ತಗೀಬೇಕು."

ಅವಳಿಗೆ ಕೇಳಿಸಿದ್ದು ನೀರು ಎಂಬ ಮಾತೊಂದೇ. ಒಳಗೆ ಹೋಗಿ ತಾಮ್ರದ ಕೊಡ ಹೊತ್ತು ತಂದಳು. ಅದರ ಬಾಯಿಗೆ ಬಟ್ಟೆ ಕಟ್ಟಿ, ಕುಡಿಯಲೆಂದು ಎತ್ತಿಟ್ಟಿದ್ದ ನೀರು.

"ತೊಗೊ, ಎಲ್ಲಾ ಹಾಕು. ನಮ್ಮದು ಹೆಂಗರ ನಡೀತದ. ನಿನ್ನ ಕೆಲಸ ಕೆಡಬಾರದು."

ಟ್ಯಾಂಕರಿನ ಆ ನೀರಿನಲ್ಲಿ ಉಪ್ಪಿನ ಅಂಶ. ಅದನ್ನು ಸುರಿದರೆ ವಿಭೂತಿಗಿಂತ ಕೆಟ್ಟ ಕಲೆ ನಿಲ್ಲುತ್ತಿತ್ತು. ಕುಡಿಯುವ ನೀರನ್ನೇ ತಂದು ನಿಂತವಳಿಗೆ, ಇದರಿಂದ ಪ್ರಯೋಜನವಿಲ್ಲ ಎಂದು ಯಾವ ಬಾಯಿಂದ ಹೇಳಲಿ? "ಇಡವ್ವಾ, ಅಲ್ಲೇ ಹೋಗಿ ತೊಳೀತೀನಿ," ಎಂದೆ. ಅವಳು ಕೊಡ ಇಳಿಸದೆ ಹಾಗೇ ನಿಂತಿದ್ದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆ ಕೊಡ ನೋಡಿ ಬಂದುಬಿಟ್ಟಿತು.

ದಾರಿಯುದ್ದಕ್ಕೂ ಕಣ್ಣು ಮುಚ್ಚಲಾಗಲಿಲ್ಲ. ಪ್ರಯೋಗಾಲಯದಲ್ಲಿ ಕನ್ನಡಿಯನ್ನು ಓರೆಯಾಗಿ ಹಿಡಿದು ಶುದ್ಧನೀರಿನ ನಲ್ಲಿ ಬಿಟ್ಟೆ. ವಿಭೂತಿ ಬೇಗ ಹೋಯಿತು, ಬೆರಳಿನ ಜಿಡ್ಡು ಹೋಗಲೊಲ್ಲದು. ಸಾಬೂನು, ಮತ್ತೆ ನೀರು, ಮತ್ತೆ ಸಾಬೂನು. ಬೆಳಗ್ಗೆ ಬಿಟ್ಟ ನೀರು ಸಂಜೆಯವರೆಗೂ ಗಟಾರಿಗೆ ಹರಿಯಿತು. ನಮ್ಮ ಮನೆಯವರು ವಾರಗಟ್ಟಲೆ ಕುಡಿಯುವಷ್ಟು ನೀರು. ನೋಡಲಾರದೆ ಗೋಡೆಯ ಕಡೆ ಮುಖ ಮಾಡಿ ನಿಂತೆ. ಕೊನೆಗೆ ತುದಿಯಲ್ಲಿ ಕೂದಲಿನಂಥ ಗೀರುಗಳು ಉಳಿದವು. ಕಿರಣ ಬೀಳುವುದು ನಡುಭಾಗದಲ್ಲಿ. ಅವ್ವ ಕನ್ನಡಿಯನ್ನು ನಿಲ್ಲಿಸಿ ಅದರ ಹಣೆಗೆ ಹಚ್ಚಿದ್ದಳು. ಅಳತೆ ಮೊದಲಿನಷ್ಟೇ ಬಂತು. ಕೋಣೆಗೆ ಬೀಗ ಬೀಳುವುದು ತಪ್ಪಿತು.

ಅವ್ವನಿಗೆ ಫೋನ್ ಮಾಡಿದೆ.

"ಹೋತೇನ ಯವ್ವಾ ಈಬತ್ತಿ?"

"ಹೋತು. ಕನ್ನಡಿಗೇನೂ ಆಗಿಲ್ಲ."

"ನೀರ ಭಾಳ ಹತ್ತಿತೇನ?"

"ಇಲ್ಲವ್ವಾ. ಒಂದ ತಂಬಿಗಿ."

"ಮತ್ತ!" ಅವಳ ದನಿಗೆ ಜೀವ ಬಂತು. "ಇಲ್ಲೇ ತೊಳಕೊಂಡು ಹೋಗಬೇಕಿತ್ತಿಲ್ಲ. ಅಷ್ಟ ನೀರ ನಮ್ಮ ಮನ್ಯಾಗೂ ಇತ್ತಲ್ಲ."