ಸೊಳ್ಳೆ ಮೇಡಂ ಖಾಲಿ ಬಿಟ್ಟ ಚೌಕ

ನಮ್ಮ ಕಾಲೇಜಿನಲ್ಲಿ ಅವರನ್ನು ಎಲ್ಲರೂ ಸೊಳ್ಳೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆಯೂ, ಎದುರಿಗೂ. ಅವರು ನಕ್ಕು ಸುಮ್ಮನಾಗುತ್ತಿದ್ದರು. ನಾನು ಅವರ ಲ್ಯಾಬಿನ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ತಟ್ಟೆಯಲ್ಲಿ ಮರಿಹುಳು ಎಣಿಸುವುದು ನನ್ನ ಕೆಲಸ. ಇನ್ನೊಂದಿದೆ. ಬಲೆಯ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಇಟ್ಟು ಹೆಣ್ಣು ಸೊಳ್ಳೆಗಳಿಗೆ ರಕ್ತ ಕುಡಿಸಬೇಕು, ಇಲ್ಲದಿದ್ದರೆ ಅವು ಮೊಟ್ಟೆ ಇಡುವುದಿಲ್ಲ. ಲ್ಯಾಬಿನಲ್ಲೇ ಹುಟ್ಟಿ ಬೆಳೆದವು, ಜ್ವರ ಹೊತ್ತವಲ್ಲ. ಒಂದು ವಾರ ನನ್ನ ಕೈ, ಒಂದು ವಾರ ಮೇಡಂ ಕೈ. ನನ್ನ ರಕ್ತ ಕುಡಿದವು ಹೆಚ್ಚು ಕೊಬ್ಬಿವೆ ಎಂದು ಮೇಡಂ ಛೇಡಿಸುತ್ತಿದ್ದರು.

ಹೀಗೆ ಒಂಬತ್ತು ವರ್ಷ. ಊರಿನ ತೊಟ್ಟಿ, ಡ್ರಮ್ಮು, ಹಳೆ ಟೈರುಗಳಿಂದ ಮರಿ ತಂದು ಸಾಕಿ, ನಗರಸಭೆಯವರು ಹೊಗೆ ಹಾಕುವ ಔಷಧಿಯನ್ನೇ ಅವುಗಳ ಮೇಲೆ ಹಾಕಿ ನೋಡುತ್ತಿದ್ದೆವು. ಮೊದಮೊದಲು ನೂರಕ್ಕೆ ತೊಂಬತ್ತು ಸಾಯುತ್ತಿದ್ದವು. ಕೊನೆಕೊನೆಗೆ ಹತ್ತೂ ಸಾಯುತ್ತಿರಲಿಲ್ಲ. ಊರಿಗೆ ಊರೇ ಕೆಮ್ಮುತ್ತಿತ್ತು, ಸೊಳ್ಳೆಗಳು ಮಾತ್ರ ಆರಾಮಾಗಿದ್ದವು. ಮಳೆಗಾಲ ಬಂದರೆ ಆಸ್ಪತ್ರೆಯಲ್ಲಿ ಜ್ವರದ ಮಕ್ಕಳಿಗೆ ಮಂಚ ಸಿಗುತ್ತಿರಲಿಲ್ಲ.

ಮೇಡಂ ಈ ಲೆಕ್ಕ ಹಿಡಿದುಕೊಂಡು ಆರೋಗ್ಯಾಧಿಕಾರಿಯ ಹತ್ತಿರ ಹೋದರು. ಅವರು ಕೆಟ್ಟವರೇನಲ್ಲ. ಬೇರೆ ಔಷಧಿ ತರಿಸುತ್ತೇನೆ, ಆದರೆ ಮೇಲಿನವರಿಗೆ ತೋರಿಸಲು ದೊಡ್ಡ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧ ಬೇಕು ಎಂದರು. ಸರಿ, ಮೇಡಂ ಬರೆದರು, ಹೊರದೇಶದ ದೊಡ್ಡ ಸಂಶೋಧನಾ ಪತ್ರಿಕೆಗೆ ಕಂಪ್ಯೂಟರಿನಲ್ಲೇ ಕಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬರೆದವರೇ ಕಟ್ಟಬೇಕಾದ ಅಚ್ಚಿನ ಶುಲ್ಕದಲ್ಲಿ ವಿನಾಯಿತಿ ಬೇಕಿದ್ದರೆ ಗುರುತು ಹಾಕಿ ಎಂದು ಒಂದು ಚಿಕ್ಕ ಚೌಕ ಇತ್ತು. ಮೇಡಂ ಅದನ್ನು ಖಾಲಿ ಬಿಟ್ಟರು.

"ಮೊದ್ಲು ಕೆಲಸ ನೋಡ್ಲಿ ಅಕ್ಕ," ಎಂದರು. "ಬಾಗಿಲಲ್ಲೇ ಕೈ ಚಾಚಿದ್ರೆ ಒಳಗೆ ಯಾರು ಕರೀತಾರೆ?"

ನನಗೂ ಅದೇ ಸರಿ ಎನ್ನಿಸಿತು. ಮಾನ ಇರುವ ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಏಳು ತಿಂಗಳ ಮೇಲೆ ಪ್ರಬಂಧಕ್ಕೆ ಒಪ್ಪಿಗೆ ಬಂತು. ಜೊತೆಗೇ ಬಿಲ್ಲೂ ಬಂತು: ಮೇಡಂ ಅವರ ಎಂಟು ತಿಂಗಳ ಸಂಬಳ. ಆಗ ವಿನಾಯಿತಿ ಕೇಳಿದರು. ಪತ್ರಿಕೆಯವರು ಬಹಳ ಮರ್ಯಾದೆಯಿಂದ ಉತ್ತರ ಬರೆದಿದ್ದರು. ಕಳಿಸುವಾಗಲೇ ಕೇಳಬೇಕಿತ್ತಂತೆ, ಒಪ್ಪಿಗೆಯಾದ ಮೇಲೆ ಕೇಳಿದರೆ ಪರಿಗಣಿಸುವ ನಿಯಮವಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಮೂರು ದಿನ ಪ್ರಾಂಶುಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾದರು, ಕಾಲೇಜಿನಲ್ಲಿ ಅಷ್ಟು ದುಡ್ಡಿಲ್ಲ ಎಂದು ಪ್ರಾಂಶುಪಾಲರು ಕೈಚೆಲ್ಲಿದರು. ದುಡ್ಡು ಕೇಳದ ಇನ್ನೊಂದು ಪತ್ರಿಕೆಯಲ್ಲಿ ಸರದಿ ಬರಲು ಒಂದೂವರೆ ವರ್ಷ ಬೇಕಿತ್ತು. ಆರೋಗ್ಯಾಧಿಕಾರಿ ಒಪ್ಪಿಗೆ ಪತ್ರವನ್ನು ಎರಡೆರಡು ಸಲ ಓದಿ, ಅಚ್ಚಾಗಲಿ ನೋಡೋಣ ಎಂದು ಹಿಂದಕ್ಕೆ ಕೊಟ್ಟರು.

ಆ ಮಳೆಗಾಲವೂ ಬೀದಿಯಲ್ಲಿ ಅದೇ ಹಳೆ ಹೊಗೆ. ಮೇಡಂ ತಂಗಿಯ ಮಗಳು, ಆರು ವರ್ಷದವಳು, ಐದೇ ದಿನದ ಜ್ವರದಲ್ಲಿ ತೀರಿಕೊಂಡಳು. ಲ್ಯಾಬಿಗೆ ಬಂದರೆ ನನ್ನ ಕೈಮೇಲಿನ ದದ್ದುಗಳನ್ನು ಎಣಿಸಿ, ನಿನ್ನೆಗಿಂತ ಒಂದು ಜಾಸ್ತಿ ಎಂದು ಸುಳ್ಳು ಹೇಳುತ್ತಿದ್ದ ಮಗು. ಮೇಡಂ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ತಂಗಿ ಒಂದೇ ಮಾತು ಕೇಳಿದಳು.

"ಅಕ್ಕ, ನಿಂಗೆ ಗೊತ್ತಿತ್ತಲ್ವಾ?"

ಅದಕ್ಕೆ ಮೇಡಂ ಹೂಂ ಎಂದರು. ಆಮೇಲೆ ತಂಗಿ ಅವರ ಮನೆ ಹೊಸಿಲು ತುಳಿಯಲಿಲ್ಲ.

ಮಳೆ ನಿಂತ ಮೇಲೆ ಅದೇ ಪತ್ರಿಕೆಯಿಂದ ಪತ್ರ ಬಂತು. ದುಡ್ಡು ಮನ್ನಾ ಆಯಿತೇನೋ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ದೂರದ ದೊಡ್ಡ ವಿಶ್ವವಿದ್ಯಾಲಯದವರು ಇದೇ ಸೊಳ್ಳೆ, ಇದೇ ಔಷಧಿಯ ಮೇಲೆ ಪ್ರಬಂಧ ಬರೆದಿದ್ದರು. ನೀವು ಈ ವಿಷಯ ಬಲ್ಲವರು, ಓದಿ ತಪ್ಪಿದ್ದರೆ ಹೇಳಿ ಎಂದು ಪತ್ರಿಕೆಯವರು ಮೇಡಂ ಅವರನ್ನು ಕೇಳಿದ್ದರು. ಈ ಕೆಲಸಕ್ಕೆ ಯಾರೂ ಬಿಡಿಗಾಸು ಕೊಡುವುದಿಲ್ಲ, ಬರೀ ಧನ್ಯವಾದ. ಬಾಯಿಗೆ ಬಂದಂತೆ ಬೈದೆ. ಆಗೋದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯಿರಿ ಎಂದೆ. ಮೇಡಂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ದಿನ ಕೂತು ಒಂದೊಂದು ಅಂಕಿಯನ್ನೂ ತಾಳೆ ನೋಡಿದರು. ಅವರದು ಎರಡು ವರ್ಷದ ಕೆಲಸ, ನಮ್ಮದು ಒಂಬತ್ತು ವರ್ಷದ್ದು. ಎಲ್ಲೂ ತಪ್ಪಿಲ್ಲ ಎಂದರು. ತಾವು ಬರೆದ ಕೊನೆಯ ಸಾಲನ್ನು ನನಗೆ ತಿಳಿಯುವ ಹಾಗೆ ಓದಿ ಹೇಳಿದರು.

"ತಡ ಮಾಡ್ದೆ ಅಚ್ಚು ಹಾಕಿ. ಮುಂದಿನ ಮಳೆಗಾಲದೊಳಗೆ ಹಾಕಿ."

ಅದನ್ನು ಕಳಿಸಿ, ಎದ್ದು ಬಂದು, ತೋಳಿನ ಬಟ್ಟೆ ಮಡಚಿ ಪೆಟ್ಟಿಗೆಯೊಳಗೆ ಕೈ ಇಟ್ಟರು. ಆ ವಾರ ನನ್ನ ಸರದಿಯಾಗಿತ್ತು.