ನವಿಲುಗರಿಯ ಮೇಲಿನ ಹೆಸರು

ಕಾಕೂ ಅವರ ಎಡಗೈ ತುಂಬ ಹಸಿರು ಬಳೆ, ಬಲಗೈ ಬರಿದು. ಆ ಕೈಯ ಹೆಬ್ಬೆರಳಿನ ಉಗುರಿಗೆ ಮಾತ್ರ ಯಾವಾಗಲೂ ಒಂದಿಷ್ಟು ಬಣ್ಣ ಮೆತ್ತಿಕೊಂಡಿರುತ್ತಿತ್ತು. ಮುತ್ತೈದೆ ಬರಿಗೈಯಲ್ಲಿ ಕೂಡಬಾರದೆಂದು ಓಣಿಯ ಹೆಂಗಸರು ಗದರಿದರೆ, ಮುಖ ಎತ್ತದೆಯೇ ಹೇಳುತ್ತಿದ್ದರು: “ಬಳಿ ತಾಗಿದ್ರ ಬಣ್ಣ ಏಳತೈತ್ರಿ. ಗಂಡ ಗಟ್ಟಿ ಅದಾನ, ಬಣ್ಣ ಇನ್ನೂ ಹಸಿ ಐತಿ.”

ಬೈಲಹೊಂಗಲದ ಶಾಲೆಗೆ ಚಿತ್ರಕಲಾ ಶಿಕ್ಷಕಿಯಾಗಿ ಬಂದಾಗ ನಾನು ಬಾಡಿಗೆಗಿದ್ದದ್ದು ಅವರ ಅಂಗಡಿಯ ಪಕ್ಕದಲ್ಲಿ. ಓಣಿಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ; ನನಗೂ ಹಾಗೆಯೇ ಆದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ, ಬೋರ್ಡಿನ ಮೇಲೆ ಗಂಡನ ಹೆಸರು. ಗಾಜು ಕತ್ತರಿಸುವುದು, ಮೊಳೆ ಹೊಡೆಯುವುದು ಗಂಡನ ಕೆಲಸ. ಮದುವೆಯ ಉಡುಗೊರೆಗೆಂದು ಸುತ್ತಲಿನ ಊರವರು ಒಯ್ಯುತ್ತಿದ್ದ ಗಾಜಿನ ಚಿತ್ರಗಳನ್ನೆಲ್ಲ ಒಳಕೋಣೆಯಲ್ಲಿ ಕೂತು ಬರೆಯುತ್ತಿದ್ದವರು ಕಾಕೂ. “ಏನ್ ಕೈ ಐತ್ರಿ ನಿಮ್ಮದು!” ಎಂದು ಗಿರಾಕಿಗಳು ಹೊಗಳಿದರೆ ಗಂಡ ಸುಮ್ಮನೆ ನಗುತ್ತಿದ್ದರು. ತನ್ನದಲ್ಲ ಎಂದು ಒಮ್ಮೆಯೂ ಬಾಯಿ ಬಿಡಲಿಲ್ಲ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಾಲೆಯ ‘ಬಾಯಾರು’ ಆದ ನಾನೂ ಕಾಕೂ ಹತ್ತಿರ ಕಲಿಯಲು ಕೂತೆ. ಮೊದಲ ಚಿತ್ರ ಮುಗಿಸಿ, ಮೂಲೆಯಲ್ಲಿ ಹೆಮ್ಮೆಯಿಂದ ಸಹಿ ಹಾಕಿ, ಗಾಜು ತಿರುಗಿಸಿದರೆ ಸಹಿಯೇ ಇಲ್ಲ! ಬಣ್ಣದ ಹಿಂದೆ ಅಡಗಿಹೋಗಿತ್ತು. ಕಾಕೂ ಬಿದ್ದು ಬಿದ್ದು ನಕ್ಕರು.

“ಬಾಯಾರ, ಇದು ಗಾಜಿನ ಹಿಂದಿಂದ ಬರಿಯೂ ಚಿತ್ರಾ ಐತಿ. ಮೊದಲ ಹಚ್ಚಿದ್ದು ಮುಂದ ಕಾಣತೈತಿ. ಹೆಸರು ಮೊದಲ ತಿರುವಿ ಬರೀಬೇಕು, ಅದರ ಮ್ಯಾಲ ಚಿತ್ರಾ. ಚಲೋ ಬರಲಿ, ಕೆಡಲಿ, ಆಮ್ಯಾಲ ನಂದಲ್ಲ ಅನ್ನಾಕ ಬರೂದಿಲ್ಲ.”

ಗಂಡ ತೀರಿಕೊಂಡು, ಅಂಗಡಿ ಮುಚ್ಚಿ, ಕಾಕೂ ಕಣ್ಣು ಮಂಜಾದ ಮೇಲೆ ಬೆಳಗಾವಿಯಲ್ಲಿ ಒಬ್ಬರು ತಮ್ಮ ಹಳೆಯ ಚಿತ್ರಗಳ ಸಂಗ್ರಹವನ್ನು ಜನರಿಗೆ ತೆರೆದರು. ಸವದತ್ತಿ, ರಾಮದುರ್ಗದ ಕಡೆಯ ಮನೆಗಳಿಂದ ಕೊಂಡುತಂದ ಚಿತ್ರಗಳು ಅವು. ನೋಡಲು ಹೋದೆ. ಅಲ್ಲಿ ಕಾಕೂ ಬರೆದ ಜೋಡಿ ನವಿಲು, ಕೆಳಗಿನ ಚೀಟಿಯಲ್ಲಿ ಗಂಡನ ಹೆಸರು! ಕಟ್ಟಿನ ಹಿಂದೆ ಅಂಗಡಿಯ ಲೇಬಲ್ ಇದೆಯಲ್ಲ ಎಂದರು ಸಂಗ್ರಹದ ಯಜಮಾನರು. ನವಿಲಿನ ಗರಿಯ ಮೇಲೆ ಬಿಳಿ ಅಕ್ಷರದಲ್ಲಿ ಕಾಕೂ ಹೆಸರು ಎದ್ದು ಕಾಣುತ್ತಿತ್ತು. ಬೆರಳಿಟ್ಟು ತೋರಿಸಿದೆ.

“ಅದು ಮದುಮಗಳ ಹೆಸರ್ರೀ, ಮೇಡಂ. ಉಡುಗೊರಿ ಮ್ಯಾಲ ಬರಸ್ತಿದ್ರಲ್ಲ.”

ಸಿಟ್ಟು ನೆತ್ತಿಗೇರಿತು. ಮದುಮಗಳ ಹೆಸರಿಗೆಂದು ಕಾಕೂ ಕೆಳಗೊಂದು ಪಟ್ಟಿ ಖಾಲಿ ಬಿಟ್ಟು, ಚಿತ್ರ ಮಾರಾಟವಾದಾಗ ತುಂಬುತ್ತಿದ್ದರು. ಇದರಲ್ಲಿ ಆ ಪಟ್ಟಿ ಖಾಲಿಯೇ ಉಳಿದಿತ್ತು. ಗರಿಯ ಮೇಲಿನ ಹೆಸರೋ, ಗರಿಗೆ ಬಣ್ಣ ಹಚ್ಚುವ ಮೊದಲೇ ಬರೆದದ್ದು; ಆಮೇಲೆ ಬರೆದಿದ್ದರೆ ಕಾಣುತ್ತಲೇ ಇರಲಿಲ್ಲ. ಗಿರಾಕಿಯೇ ಬಂದಿರದಾಗ ಮದುಮಗಳ ಹೆಸರು ಯಾರಿಗೆ ಗೊತ್ತಿರುತ್ತದೆ? ಚಿತ್ರ ಕೆಳಗಿಳಿಸಿ, ತಿರುಗಿಸಿ, ಎಲ್ಲ ತೋರಿಸಿದೆ. ಅವರು ಒಪ್ಪಿದಂತೆ ತಲೆಯಾಡಿಸಿದರು. ಮುಂದಿನ ಸಲ ಹೋದಾಗ ಹೊಸ ಚೀಟಿಯಿತ್ತು. ಗಂಡನ ಹೆಸರು ಹಾಗೆಯೇ ಇತ್ತು, ಕೆಳಗೆ ಸಣ್ಣದಾಗಿ “ಪತ್ನಿಯ ಸಹಕಾರದೊಂದಿಗೆ”.

ಕಾಕೂಗೆ ಹೇಳಿದಾಗ ಮೆಂತ್ಯ ಸೊಪ್ಪು ಸೋಸುತ್ತಿದ್ದ ಕೈ ನಿಂತಿತು.

“ಸಹಕಾರ ಅವರು ಮಾಡ್ಯಾರ, ಮೊಳಿ ಹೊಡದಾರ. ಅದನ್ನ ಬರಸ್ರಿ, ಖರೇ ಐತಿ. ಚಿತ್ರಾ ನಂದು.” ಮತ್ತೆ ಸೊಪ್ಪಿಗೆ ಕೈ ಹಾಕಿ ಅಂದರು, “ನಾ ಇರೂದರಾಗ ಬರಸ್ರಿ, ಬಾಯಾರ.”

ಪತ್ರ ಬರೆದೆ, ಫೋನ್ ಮಾಡಿದೆ, ಎರಡು ಸಲ ಬಸ್ ಹತ್ತಿ ಹೋಗಿ ಜಗಳವಾಡಿದೆ. ಚೀಟಿ ಅಚ್ಚಿಗೆ ಹೋಗಿದೆ, ಮುಂದಿನ ತಿಂಗಳು ಎಂಬ ಒಂದೇ ಉತ್ತರ. ಎಂಟು ತಿಂಗಳು ಹೀಗೇ ಕಳೆಯಿತು. ಹೋದ ವರ್ಷ ಕಾಕೂ ತೀರಿಕೊಂಡರು. ಮಣ್ಣು ಮುಗಿಸಿ ಬಂದು ಯಜಮಾನರಿಗೆ ಫೋನ್ ಮಾಡಿ, ಬಾಯಿಗೆ ಬಂದಂತೆ ಬೈದು ಇಟ್ಟೆ.

ಮೂರನೆಯ ದಿನ ಮೊಬೈಲಿಗೆ ಫೋಟೋ ಬಂತು. ಹೊಸ ಚೀಟಿ, ಕಾಕೂ ಹೆಸರೊಂದೇ, ದಪ್ಪ ಅಕ್ಷರದಲ್ಲಿ, ಅದಕ್ಕೂ ಮೊದಲು “ದಿವಂಗತ”. ಬದುಕಿದ್ದವರ ಹೆಸರು ಹಾಕಲು ಎಂಟು ತಿಂಗಳೂ ಸಾಲದೆ ಹೋದವರಿಗೆ, ಆ ಪದ ಸೇರಿಸಲು ಎರಡು ದಿನ ಸಾಕಾಯಿತು.