ಪಾಚಕ್ಕನ ಸುಣ್ಣದ ಚಿಪ್ಪುಗಳು

ಕಡಲ ಸಂಶೋಧನಾಲಯದ ನೆಲಮಹಡಿಯ ತಂಪು ಕೋಣೆಯಲ್ಲಿ ಪಾಚಿ ಸಾಕುವುದು ಅವಳ ಕೆಲಸ. ಅದಕ್ಕೇ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಪಾಚಕ್ಕ. ಅವಳು ಸಾಕುವುದು ಬಚ್ಚಲಲ್ಲಿ ಕಾಲು ಜಾರಿಸುವ ಪಾಚಿಯನ್ನಲ್ಲ. ಕಡಲಲ್ಲಿ ತೇಲುವ, ಬರಿಗಣ್ಣಿಗೆ ಬೀಳದ ಒಂಟಿ ಜೀವಕೋಶವನ್ನು. ಅದು ಮೈಸುತ್ತ ಸುಣ್ಣದ ಪುಟ್ಟ ಬಿಲ್ಲೆಗಳನ್ನು ಜೋಡಿಸಿ ಚಿಪ್ಪು ಕಟ್ಟಿಕೊಳ್ಳುತ್ತದೆ.

ಹೊಗೆ ಹೆಚ್ಚಾದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಡಲಿಗಿಳಿದು ನೀರು ಆಮ್ಲದ ಕಡೆಗೆ ವಾಲುತ್ತದೆ. ಸುಣ್ಣ ಕಟ್ಟುವುದು ಕಷ್ಟವಾಗುತ್ತದೆ. ಆಗ ಈ ಪಾಚಿ ಸೋತು ಕೈಚೆಲ್ಲುತ್ತದೆಯೋ, ತಲೆಮಾರು ಕಳೆದಂತೆ ಒಗ್ಗಿಕೊಳ್ಳುತ್ತದೆಯೋ ಎಂಬುದು ಮೇಲಿನ ಮಹಡಿಯ ವಿಜ್ಞಾನಿ ಮೇಡಂ ಅವರ ಪ್ರಶ್ನೆ. ಅದಕ್ಕಾಗಿ ಎಡಗಡೆಯ ಸೀಸೆಗಳಿಗೆ ಮಾಮೂಲಿ ಗಾಳಿ, ಬಲಗಡೆಯವಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿ. ವಾರಕ್ಕೊಮ್ಮೆ ಪ್ರತಿ ಸೀಸೆಯಿಂದ ಕೊಂಚ ತೆಗೆದು ಹೊಸ ನೀರಿಗೆ ಹಾಕಿ ಸಂತತಿ ಮುಂದುವರಿಸಬೇಕು. ಮೂರು ವರ್ಷದಿಂದ ಪಾಚಕ್ಕ ಇದನ್ನು ತಪ್ಪಿಸಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆ. "ಕಿಟಕಿಯಲ್ಲಿರೋ ಹೂಕುಂಡ ಒಣಗಿದ್ರೂ ಇವಳ ಕಣ್ಣಿಗೆ ಬೀಳಲ್ಲ. ಕಣ್ಣಿಗೇ ಕಾಣದ್ದನ್ನ ಮಾತ್ರ ಮುದ್ದಾಗಿ ಸಾಕ್ತಾಳೆ" ಎಂದು ನೆಂಟರ ಮುಂದೆಲ್ಲ ಹೇಳುತ್ತಾರೆ.

ಆ ದಿನ ಬೆಳಿಗ್ಗೆ ಪಾಚಕ್ಕ, ಎರಡು ದಿನದ ಶೀತದಿಂದ ಕಟ್ಟಿಹೋದ ಮೂಗನ್ನು ಒರೆಸಿಕೊಳ್ಳುತ್ತಲೇ, ಹಿಂದಿನ ಸಂಜೆ ತೆಗೆದಿಟ್ಟಿದ್ದ ಮಾದರಿಗಳನ್ನು ನೋಡಲು ಕೂತಳು. ಮಾದರಿ ಕೆಡದಿರಲೆಂದು ಅದಕ್ಕೆ ಅಯೋಡಿನ್ ದ್ರಾವಣದ ಹನಿ ಹಾಕಿಡುವುದು ವಾಡಿಕೆ. ಸೂಕ್ಷ್ಮದರ್ಶಕದಲ್ಲಿ ಕಂಡ ಬಲಗಡೆಯ ಪಾಚಿಗೆ ಚಿಪ್ಪೇ ಇರಲಿಲ್ಲ. ಎಡಗಡೆಯದನ್ನು ಇಟ್ಟಳು. ಅದಕ್ಕೂ ಇಲ್ಲ. ಉಳಿದ ಮಾದರಿಗಳನ್ನೂ ಒಂದೊಂದಾಗಿ ಇಟ್ಟು ನೋಡಿದಳು, ಒಂದಕ್ಕೂ ಇರಲಿಲ್ಲ.

ಸುದ್ದಿ ತಿಳಿದ ಮೇಡಂ ಮೆಟ್ಟಿಲಿಳಿದು ಬಂದವರೇ ಗಾಳಿಯ ಕೊಳವೆಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದರು. ಯಾವುದೂ ಅದಲುಬದಲಾಗಿರಲಿಲ್ಲ.

"ಬಹಳ ಕಾಲ ಸೀಸೆಯಲ್ಲೇ ಇದ್ರೆ ಕೆಲವು ಚಿಪ್ಪು ಕಟ್ಟೋದನ್ನೇ ಬಿಟ್ಟುಬಿಡುತ್ವೆ ಪಾಚಕ್ಕ. ಬೇರೆ ಕಡೆಯೂ ಆಗಿದೆ" ಎಂದರು. "ಮಾಮೂಲಿ ನೀರಲ್ಲೇ ಚಿಪ್ಪಿಲ್ಲ ಅಂದ್ಮೇಲೆ ಯಾವುದನ್ನ ಯಾವುದಕ್ಕೆ ಹೋಲಿಸೋದು? ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಇವತ್ತು ಹೊಸ ನೀರಿಗೆ ಹಾಕ್ಬೇಡಿ, ಬಿಡಿ."

ಮಧ್ಯಾಹ್ನ ಹಿಂದಿನ ಬೀದಿಯ ಮನೆಗೆ ಹೋಗಿ ಊಟಕ್ಕೆ ಕೂತವಳು ಬರಿದೇ ಅನ್ನ ಕಲಸುತ್ತಿದ್ದಳು.

"ಯಾಕೇ, ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯ?" ಎಂದು ಅತ್ತೆ ಕೇಳಿದರು.

"ಪಾಚಿ ಚಿಪ್ಪು ಕಟ್ಟೋದನ್ನೇ ಬಿಟ್ಟಿದೆ ಅತ್ತೆ. ಮೂರು ವರ್ಷದ ಕೆಲಸ ನೀರುಪಾಲು."

"ಸತ್ತುಹೋಯ್ತಾ?"

"ಇಲ್ಲ, ಬದುಕಿದೆ. ಬರಿಮೈಲಿದೆ ಅಷ್ಟೆ."

"ಅಷ್ಟೇನಾ? ನಿನ್ನ ಗಂಡ ಶಾಲೆಗೆ ಸೇರೋ ತನಕ ಮೈಮೇಲೆ ಬಟ್ಟೆ ನಿಲ್ಲಿಸ್ತಿರ್ಲಿಲ್ಲ. ಈಗ ನೋಡು, ಇಸ್ತ್ರಿ ಇಲ್ದೆ ಬಾಗಿಲು ದಾಟಲ್ಲ."

ಪಾಚಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ತಾನಾಡಿದ ಮಾತು ಮತ್ತೆ ನೆನಪಾಯಿತು. ಬದುಕಿದೆ ಎಂದೇನೋ ಹೇಳಿದ್ದಳು. ಆದರೆ ಬೆಳಗಿನಿಂದ ನೋಡಿದ್ದೆಲ್ಲ ಅಯೋಡಿನ್ ಹಾಕಿ ಕೊಂದಿಟ್ಟದ್ದನ್ನೇ. ಬದುಕಿರುವುದನ್ನು ತಾನೂ ನೋಡಿರಲಿಲ್ಲ, ಮೇಡಂ ಕೂಡ ನೋಡಿರಲಿಲ್ಲ. ತಟ್ಟೆ ಬದಿಗೆ ಸರಿಸಿ ಎದ್ದಳು.

"ಕೈಯಾದ್ರೂ ತೊಳ್ಕೊಂಡು ಹೋಗೇ" ಎಂದು ಅತ್ತೆ ಬಾಗಿಲ ತನಕ ಬಂದರು.

ತಂಪು ಕೋಣೆಗೆ ಮರಳಿದವಳೇ ಎಡಗಡೆಯ ಸೀಸೆಯಿಂದ ನೇರವಾಗಿ ಒಂದು ಹನಿ ತೆಗೆದು, ಅದಕ್ಕೆ ಏನನ್ನೂ ಬೆರೆಸದೆ ಸೂಕ್ಷ್ಮದರ್ಶಕಕ್ಕಿಟ್ಟಳು. ಸುಣ್ಣದ ಬಿಲ್ಲೆಗಳು ಫಳಫಳ ಹೊಳೆದವು. ಬಲಗಡೆಯದನ್ನೂ ನೋಡಿದಳು. ತೆಳುವಾಗಿದ್ದವು, ಅಲ್ಲಲ್ಲಿ ಸೊಟ್ಟಗಿದ್ದವು, ಆದರೆ ಇದ್ದವು. ಹೋದ ಜೀವ ಬಂದಂತಾಯಿತು.

ಅವಳು ಕರೆದಾಗ ಮೇಡಂ ಬಂದು ತುಂಬ ಹೊತ್ತು ಕಣ್ಣು ಕೀಳದೆ ನೋಡಿದರು. ಆಮೇಲೆ ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು.

"ಪಾಚಕ್ಕ, ಇದು ವಿನೆಗರ್ ವಾಸನೆ ಹೊಡೀತಿದೆಯಲ್ರೀ."

ಪಾಚಕ್ಕನೂ ಮೂಸಿದಳು. ಮೂಗಿಗೆ ಏನೂ ಹತ್ತಲಿಲ್ಲ. ಹತ್ತದಿದ್ದರೂ ವಿಷಯ ತಲೆಗೆ ಹತ್ತಿತು. ಉಗ್ರಾಣದಲ್ಲಿ ಎರಡು ಬಗೆಯ ಅಯೋಡಿನ್ ಇವೆ, ಎರಡರ ಬಣ್ಣವೂ ಕಡು ಟೀಯದ್ದು. ವಿನೆಗರಿನ ಆಮ್ಲ ಬೆರೆಸಿದ್ದು ಪಕ್ಕದ ಕೋಣೆಯವರಿಗೆ. ಅವರ ಪಾಚಿಯ ಚಿಪ್ಪು ಗಾಜಿನಂಥದ್ದು, ಆಮ್ಲಕ್ಕೆ ಜಗ್ಗುವುದಿಲ್ಲ. ನಿನ್ನೆ ಸಂಜೆ ಬಾಟಲಿ ತುಂಬಿಸುವಾಗ ಅವಳು ಅದನ್ನೇ ಬಗ್ಗಿಸಿಕೊಂಡಿದ್ದಳು.

"ಹಾಗಾದ್ರೆ ಚಿಪ್ಪು ಕರಗಿಸಿದ್ದು ನಾನೇ."

"ನೀವೇ. ಕಡಲಿಗೆ ನೂರಾರು ವರ್ಷ ಹಿಡಿಯೋದನ್ನ ಒಂದೇ ರಾತ್ರಿಯಲ್ಲಿ ಮುಗಿಸಿಬಿಟ್ರಿ" ಎಂದ ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಮಗೆ ಬೈಬೇಕು. ಆದ್ರೆ ಎದೆ ಮೇಲಿನ ಭಾರ ಇಳಿದ ಖುಷಿಗೆ ಬೈಯೋಕೆ ಬಾಯೇ ಬರ್ತಿಲ್ಲ."

"ನಾಳೆ ಬೈಯಿರಿ ಮೇಡಂ. ಇವತ್ತು ಹೊಸ ನೀರಿಗೆ ಹಾಕ್ಲಾ?"

"ಅದನ್ನ ಕೇಳ್ಬೇಕಾ?"

ಪಾಚಕ್ಕ ಕೈತೊಳೆದು ಬಂದು, ಎಡಗಡೆಯ ಮೊದಲ ಸೀಸೆಯ ಮುಚ್ಚಳ ತಿರುವಿದಳು.